ಮಾದರಿ ರಾಕೆಟ್‌ಗಳ ಉಡಾವಣಾ ರ‍್ಯಾಕ್

ಹಲವು ಮಾದರಿ ರಾಕೆಟ್‌ಗಳನ್ನು ಒಂದೇ ಚೌಕಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ, ದೂರದಲ್ಲಿರುವ ಒಂದು ನಿಯಂತ್ರಣ ಪೆಟ್ಟಿಗೆಯಿಂದ ಒಂದಾದ ಮೇಲೊಂದನ್ನು ಹಾರಿಸಲು ಕಟ್ಟುವ ಸಾಧನವೇ ಉಡಾವಣಾ ರ‍್ಯಾಕ್. ಅಮೆರಿಕದ ರಾಕೆಟ್ ಕ್ಲಬ್ಬುಗಳ ಮೈದಾನಗಳಲ್ಲಿ ಬೆಳೆದುಬಂದ ಇದನ್ನು ಬಹುಮಟ್ಟಿಗೆ ಸದಸ್ಯರೇ ಮರದ ರೀಪು, ಪಿವಿಸಿ ಪೈಪು, ಕಬ್ಬಿಣದ ಆಂಗಲ್ ಜೋಡಿಸಿ ಕಟ್ಟಿಕೊಂಡಿದ್ದಾರೆ. ಹಾಗಾಗಿ ಇದರ ಚರಿತ್ರೆಯಲ್ಲಿ ಒಬ್ಬನೇ ಸಂಶೋಧಕನ ಹೆಸರು ಎದ್ದು ಕಾಣುವುದಿಲ್ಲ. ಉರಿಯುವ ಮೋಟಾರಿಗೂ ಅದಕ್ಕೆ ಕಿಡಿ ಕೊಡುವ ಕೈಗೂ ನಡುವೆ ಎಷ್ಟು ದೂರವಿರಬೇಕು, ಎಷ್ಟು ತಡೆಗಳಿರಬೇಕು ಎಂಬ ವಿವೇಕ ಮಾಗುತ್ತ ಬಂದ ಬಗೆಯೇ ಈ ಚೌಕಟ್ಟಿನ ಇತಿಹಾಸ.

ರಾಕೆಟ್ಟಿಗೆ ಆಸರೆಯ ರಾಡ್ ಏಕೆ ಬೇಕು ಎಂಬುದನ್ನು ಮೊದಲು ತಿಳಿಯಬೇಕು. ಬಾಲದ ರೆಕ್ಕೆಗಳು ರಾಕೆಟ್ಟನ್ನು ನೆಟ್ಟಗೆ ಇಡುವುದು ಗಾಳಿ ಅವುಗಳ ಮೇಲೆ ವೇಗವಾಗಿ ಹರಿದಾಗ ಮಾತ್ರ. ಸೆಕೆಂಡಿಗೆ ಸುಮಾರು 13 ಮೀಟರ್ ವೇಗ ಬರುವ ತನಕ ರಾಕೆಟ್ಟಿಗೆ ದಾರಿ ತೋರಿಸಲು ಇನ್ನೇನಾದರೂ ಬೇಕು. ಹಳೆಯ ಯುದ್ಧ ರಾಕೆಟ್‌ಗಳು ಈ ಆಸರೆಯನ್ನು ತಮ್ಮ ಮೈಗೇ ಕಟ್ಟಿಕೊಂಡು ಹಾರುತ್ತಿದ್ದವು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ಮೈಸೂರು ರಾಕೆಟ್ಟು ಮದ್ದು ತುಂಬಿದ ಕಬ್ಬಿಣದ ಕೊಳವೆ. ಅದಕ್ಕೆ ಬಿಗಿದಿದ್ದ ಉದ್ದನೆಯ ಬಿದಿರೇ ಅದರ ಸಮತೋಲ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಿದ್ದ ಬಾವಿಯೊಂದರಿಂದ 2018ರಲ್ಲಿ ಹೊರತೆಗೆದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಇಂಥ ಕೊಳವೆಗಳೇ. ಮೈಸೂರಿನವನ್ನು ನೋಡಿ ಕಲಿತ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ಕೂಡ ಕೋಲನ್ನು ಬಿಡಲಿಲ್ಲ. 1844ರಲ್ಲಿ ವಿಲಿಯಂ ಹೇಲ್ ಕೋಲನ್ನು ಕೈಬಿಟ್ಟು, ತನ್ನ ಸುತ್ತ ತಾನೇ ತಿರುಗುತ್ತ ಹಾರುವ ರಾಕೆಟ್ಟಿಗೆ ಪೇಟೆಂಟ್ ಪಡೆದ. ಕೋಲು ಹೋದಲ್ಲೆಲ್ಲ ಅದು ಮಾಡುತ್ತಿದ್ದ ಕೆಲಸ ನೆಲದ ಮೇಲಿನ ಚೌಕಟ್ಟು, ಕೊಳವೆ, ಹಳಿಗಳ ಪಾಲಿಗೆ ಬಂತು. ಮಾದರಿ ರಾಕೆಟ್ಟಿನ ರಾಡ್ ಈ ವಂಶಕ್ಕೆ ಸೇರಿದ್ದು.

ಮಾದರಿ ರಾಕೆಟ್ಟಿನ ಹುಟ್ಟು ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಾಯಿತು. ಅಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿ ಮದ್ದಿನ ವಿದ್ಯೆ ಕರಗತವಾಗಿತ್ತು. ಮಾದರಿ ವಿಮಾನಗಳ ಹವ್ಯಾಸಿಯಾಗಿದ್ದ ಸಹೋದರ ರಾಬರ್ಟ್ ರಾಕೆಟ್ ತತ್ವದ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಅದಕ್ಕೆ ಪ್ರಾತ್ಯಕ್ಷಿಕೆ ಬೇಕಾಗಿ 1954ರಲ್ಲಿ ಆರ್ವಿಲ್ ಕಾಗದದ ಮೈ, ಬದಲಾಯಿಸಬಹುದಾದ ಪುಟ್ಟ ಮೋಟಾರು, ಇಳಿಯಲು ಪ್ಯಾರಾಚೂಟು ಇರುವ ‘ರಾಕ್-ಎ-ಚೂಟ್’ ರಾಕೆಟ್ಟನ್ನು ಮಾಡಿದರು. 1957ರ ಆರಂಭದಲ್ಲಿ ‘ಮೆಕಾನಿಕ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ರಾಕೆಟ್ ಕೆಲಸದ ಸುರಕ್ಷತೆಯ ಬಗ್ಗೆ ಜಿ. ಹ್ಯಾರಿ ಸ್ಟೈನ್ ಬರೆದ ಲೇಖನವನ್ನು ಓದಿ, ತಮ್ಮ ರಾಕೆಟ್ಟಿನ ವಿಷಯವನ್ನು ಅವರಿಗೆ ಬರೆದು ತಿಳಿಸಿದರು. ಸ್ಟೈನ್ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲೆಯಲ್ಲಿ ಕೆಲಸ ಮಾಡಿದವರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು. ಅಮೆರಿಕದ ಹುಡುಗರು ನೆಲಮಾಳಿಗೆಗಳಲ್ಲಿ ಲೋಹದ ಕೊಳವೆಗೆ ಸಿಕ್ಕ ರಾಸಾಯನಿಕ ತುಂಬಿ ಕೈ, ಕಣ್ಣು ಕಳೆದುಕೊಳ್ಳುತ್ತಿದ್ದ ದಿನಗಳವು. ಅವರಿಗೆ ಅಪಾಯವಿಲ್ಲದ ದಾರಿಯೊಂದನ್ನು ಕೊಡಬೇಕೆಂದು ಸ್ಟೈನ್ 1957ರಲ್ಲೇ ಡೆನ್ವರ್ ಬಳಿ ಮಾಡೆಲ್ ಮಿಸೈಲ್ಸ್ ಎಂಬ ಕಂಪನಿಯನ್ನು ತೆರೆದರು. ಮುಂದೆ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಎಂದು ಹೆಸರಾದ ಸಂಘವನ್ನೂ ಆಗಲೇ ಕಟ್ಟಿದರು.

ಕಾರ್ಲೈಲ್ ತಮ್ಮ ರಾಕೆಟ್‌ಗಳಿಗೆ ಬತ್ತಿಯಿಂದ ಬೆಂಕಿ ಕೊಡುತ್ತಿದ್ದರು. ಬತ್ತಿ ಹೊತ್ತಿಕೊಂಡ ಮೇಲೆ ಅದನ್ನು ತಡೆಯಲು ಯಾರಿಂದಲೂ ಆಗದು. ಮಗು ಅಡ್ಡ ಬಂದರೂ, ಗಾಳಿಗೆ ರಾಡ್ ವಾಲಿದರೂ, ಮೇಲೆ ವಿಮಾನ ಕಂಡರೂ ಅದು ಉರಿದೇ ತೀರುತ್ತದೆ. ಕ್ಷಿಪಣಿ ನೆಲೆಯ ಶಿಸ್ತು ಕಂಡಿದ್ದ ಸ್ಟೈನ್ ತಂದ ದೊಡ್ಡ ಬದಲಾವಣೆ ವಿದ್ಯುತ್ ಉಡಾವಣೆ. ಮೋಟಾರಿನ ಬಾಯಿಯೊಳಗೆ ಕಾದು ಕಿಡಿ ಕೊಡುವ ನೈಕ್ರೋಮ್ ತಂತಿಯ ಇಗ್ನೈಟರ್, ಅದಕ್ಕೆ ಕಚ್ಚಿಸಿದ ಎರಡು ಕ್ಲಿಪ್, ಉದ್ದನೆಯ ವೈರ್, ಬ್ಯಾಟರಿ, ಗುಂಡಿ. ಇದಕ್ಕೆ ಕೀಲಿಯೂ ಜೊತೆಯಾಯಿತು. ಕೀಲಿ ತೆಗೆದರೆ ಗುಂಡಿ ಒತ್ತಿದರೂ ಕರೆಂಟು ಹರಿಯುವುದಿಲ್ಲ. ಬೆರಳು ತೆಗೆದೊಡನೆ ಗುಂಡಿ ತಾನೇ ಆಫ್ ಆಗುತ್ತದೆ. ಸಂಘದ ಸುರಕ್ಷತಾ ಸಂಹಿತೆ ಈ ಎರಡನ್ನೂ ಇಂದಿಗೂ ಕಡ್ಡಾಯ ಮಾಡಿದೆ. ರಾಕೆಟ್ ಹೊತ್ತದಿದ್ದರೆ ಕೀಲಿ ತೆಗೆದೋ ಬ್ಯಾಟರಿ ಬಿಚ್ಚಿಯೋ 60 ಸೆಕೆಂಡು ಕಾದ ನಂತರವೇ ಹತ್ತಿರ ಹೋಗಬೇಕು ಎಂಬ ನಿಯಮವೂ ಅದರಲ್ಲಿದೆ.

ಒಂದು ರಾಡಿನಿಂದ ಹಲವಕ್ಕೆ ಹೋಗುವ ಅಗತ್ಯ ಹುಟ್ಟಿದ್ದು ಮೋಟಾರುಗಳು ಹೇರಳವಾಗಿ ಸಿಗತೊಡಗಿದ ಮೇಲೆ. ಸ್ಟೈನ್ ಕಂಪನಿಗೆ ಮೋಟಾರು ಮಾಡಿಕೊಡಲು ಒಪ್ಪಿದ ಪಟಾಕಿ ಮನೆತನದ ವರ್ನ್ ಎಸ್ಟಿಸ್, ‘ಮೇಬಲ್’ ಎಂಬ ಯಂತ್ರವನ್ನು ಕಟ್ಟಿದರು. ಒತ್ತಡದ ಗಾಳಿಯಿಂದ ನಡೆಯುತ್ತಿದ್ದ ಅದು ಐದೂವರೆ ಸೆಕೆಂಡಿಗೊಂದು ಮೋಟಾರನ್ನು ಹೊರಹಾಕುತ್ತಿತ್ತು. 1959ರಲ್ಲಿ ಸಂಘದ ಮೊದಲ ರಾಷ್ಟ್ರೀಯ ಕೂಟ ಡೆನ್ವರ್ ಬಳಿಯ ಬಯಲಿನಲ್ಲಿ ನಡೆಯಿತು. ಎಸ್ಟಿಸ್ ತಮ್ಮದೇ ಕಂಪನಿಯನ್ನು ಬೆಳೆಸಿ 1961ರಲ್ಲಿ ಕೊಲರಾಡೋದ ಪೆನ್ರೋಸ್‌ಗೆ ಹೋದರು. ಅಂಚೆ ಮೂಲಕ ರಾಕೆಟ್ ಕಿಟ್‌ಗಳು ದೇಶದ ಊರೂರಿಗೂ ತಲುಪಿದವು. ಶಾಲೆಯ ಮೈದಾನದಲ್ಲಿ ಇಪ್ಪತ್ತು ಮಕ್ಕಳು ಇಪ್ಪತ್ತು ರಾಕೆಟ್ ಹಿಡಿದು ಬಂದರೆ ಒಂದೇ ರಾಡಿನಲ್ಲಿ ಹಾರಿಸಲು ಮಧ್ಯಾಹ್ನವೆಲ್ಲ ಬೇಕು. ಪ್ರತಿಯೊಬ್ಬರೂ ತಮ್ಮ ಸ್ಟ್ಯಾಂಡ್, ತಮ್ಮ ಗುಂಡಿ ತಂದರೆ ಯಾವ ರಾಕೆಟ್ ಯಾವಾಗ ಏಳುತ್ತದೆಂದು ಯಾರಿಗೂ ತಿಳಿಯದು. ಈ ಎರಡೂ ತೊಡಕಿಗೆ ರ‍್ಯಾಕ್ ಉತ್ತರವಾಯಿತು: ರಾಡುಗಳು ಹಲವು, ಕೀಲಿ ಮಾತ್ರ ಒಂದು. ಎಲ್ಲರೂ ಒಟ್ಟಿಗೆ ಹೋಗಿ ರಾಕೆಟ್ ಏರಿಸುತ್ತಾರೆ, ಎಲ್ಲರೂ ಹಿಂದೆ ಸರಿಯುತ್ತಾರೆ, ಆಮೇಲೆ ನಿಯಂತ್ರಣಾಧಿಕಾರಿ ಒಬ್ಬನೇ ಹೆಸರು ಕೂಗಿ, ಐದರಿಂದ ಕೆಳಗೆಣಿಸಿ, ಗುಂಡಿ ಒತ್ತುತ್ತಾನೆ.

ಕಟ್ಟುವ ಕೆಲಸ ನೋಡಲು ಸರಳ. ಅದರ ಮರ್ಮವೆಲ್ಲ ಅಂತರ ಮತ್ತು ಬಾಗುವಿಕೆಯಲ್ಲಿದೆ. ಮರಗೆಲಸದ ಅಡ್ಡಕುದುರೆಗಳೆರಡರ ನಡುವೆ ಒಂದು ಉದ್ದನೆಯ ತೊಲೆ ಹಾಕಿ, ಅದರಲ್ಲಿ ತೂತು ಕೊರೆದು ರಾಡುಗಳನ್ನು ನಿಲ್ಲಿಸುವುದು ಹಳೆಯ ಮತ್ತು ಈಗಲೂ ಬಳಕೆಯಲ್ಲಿರುವ ವಿಧಾನ. ಸಣ್ಣ ರಾಕೆಟ್ಟಿಗೆ ಎಂಟನೇ ಒಂದಂಗುಲ ದಪ್ಪದ, ಮೂರಡಿ ಉದ್ದದ ಉಕ್ಕಿನ ರಾಡು ಸಾಕು. ರಾಕೆಟ್ಟಿನ ಪಕ್ಕಕ್ಕೆ ಅಂಟಿಸಿದ, ಲಗ್ ಎನ್ನುವ ಪುಟ್ಟ ಕೊಳವೆ ಅದರ ಮೇಲೆ ಜಾರುತ್ತದೆ. ತೂಕದ ರಾಕೆಟ್ಟುಗಳಿಗೆ ಕಾಲಂಗುಲದ ರಾಡು ಬೇಕಾದ್ದರಿಂದ ಒಳ್ಳೆಯ ರ‍್ಯಾಕಿನಲ್ಲಿ ಬೇರೆ ಬೇರೆ ದಪ್ಪದವನ್ನು ಬದಲಾಯಿಸಿ ಕೂರಿಸಲು ಬರುತ್ತದೆ. ಪ್ರತಿ ರಾಡಿನ ಬುಡಕ್ಕೂ ಉಕ್ಕಿನ ತಗಡು ಬೇಕೇ ಬೇಕು. ಇಲ್ಲದಿದ್ದರೆ ಬೆಂಕಿ ತೊಲೆಯನ್ನೂ ಒಣಹುಲ್ಲನ್ನೂ ಹಿಡಿಯುತ್ತದೆ. ತಗಡನ್ನು ಓರೆಯಾಗಿ ಕೂರಿಸುವಾಗ ಅದರ ಮುಖ ನೆರೆಯ ರಾಕೆಟ್ಟಿನತ್ತ ಇರಬಾರದು. ಪಕ್ಕದ ಮೋಟಾರಿನ ಬಾಯಿಗೆ ಬಿಸಿ ಗಾಳಿ ನುಗ್ಗಿದರೆ ಇಗ್ನೈಟರ್ ಕಿತ್ತು ಬರಬಹುದು, ಪ್ಯಾರಾಚೂಟ್ ತುಂಬಿದ ಕಾಗದದ ಮೈ ಸುಡಬಹುದು. ಇದಕ್ಕೆಂದೇ ಎರಡು ರಾಡುಗಳ ನಡುವೆ ರೆಕ್ಕೆ ತಗಲದಷ್ಟಲ್ಲದೆ ಇನ್ನೂ ಹೆಚ್ಚು ಜಾಗ ಬಿಡುತ್ತಾರೆ.

ಗಾಳಿ ಬೀಸುವಾಗ ರಾಕೆಟ್ಟು ಗಾಳಿಗೆದುರಾಗಿ ತಿರುಗುತ್ತದೆ. ಪ್ಯಾರಾಚೂಟು ಅದೇ ಗಾಳಿಗೆ ಸಿಕ್ಕು ದೂರ ತೇಲುತ್ತದೆ. ಅದಕ್ಕಾಗಿ ರಾಡನ್ನು ತುಸು ಬಾಗಿಸುತ್ತಾರೆ. ಆದರೆ ಲಂಬದಿಂದ 30 ಡಿಗ್ರಿ ಮೀರುವಂತಿಲ್ಲ. ಇಡೀ ತೊಲೆಯೇ ತಿರುಗುವಂತೆ ಎರಡು ತುದಿಗಳಲ್ಲಿ ಬೋಲ್ಟು ಹಾಕಿದ್ದರೆ ಎಲ್ಲ ರಾಡೂ ಒಂದೇ ಕೋನಕ್ಕೆ ಬಾಗುತ್ತವೆ, ಯಾವುದೂ ಗುಂಪಿನ ಕಡೆ ವಾಲಿ ಉಳಿಯುವುದಿಲ್ಲ. ಕಣ್ಣಿಗೆ ಚುಚ್ಚದಂತೆ ರಾಡಿನ ತುದಿ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು ಅಥವಾ ಅದಕ್ಕೆ ಟೋಪಿ ಹಾಕಿರಬೇಕು. ತೊಲೆ ಸೊಂಟದೆತ್ತರದಲ್ಲಿದ್ದರೆ ಈ ಅಪಾಯ ಕಡಿಮೆ, ಕ್ಲಿಪ್ ಕಚ್ಚಿಸಲು ಮಂಡಿಯೂರಬೇಕಾಗಿಯೂ ಇಲ್ಲ.

ನಿಜವಾದ ಜಾಣ್ಮೆ ಕಾಣುವುದು ವೈರಿಂಗಿನಲ್ಲಿ. ಮೊದಲ ಪೆಟ್ಟಿಗೆಗಳಲ್ಲಿ ಬ್ಯಾಟರಿ, ಕೀಲಿ, ಗುಂಡಿ ಎಲ್ಲವೂ ಅಧಿಕಾರಿಯ ಮೇಜಿನ ಮೇಲೇ ಇರುತ್ತಿದ್ದವು. ಯಾವ ರಾಡಿಗೆ ಕರೆಂಟು ಎಂಬುದನ್ನು ತಿರುಗಿಸುವ ಸ್ವಿಚ್ಚಿನಿಂದ ಆರಿಸುತ್ತಿದ್ದರು. ಇಗ್ನೈಟರ್ ಸರಿಯಾಗಿ ಕಚ್ಚಿದೆಯೇ ಎಂದು ತಿಳಿಸಲು ಪುಟ್ಟ ಬಲ್ಬು. ಅದರ ಮೂಲಕ ಹರಿಯುವ ಅಲ್ಪ ಕರೆಂಟಿಗೆ ನೈಕ್ರೋಮ್ ಕಾಯುವುದಿಲ್ಲ. ಆದರೆ ಹಲವು ಮೋಟಾರುಗಳನ್ನು ಒಮ್ಮೆಲೇ ಹೊತ್ತಿಸಲು ಕೆಲವರು ಕ್ಯಾಮೆರಾದ ಫ್ಲ್ಯಾಶ್‌ಬಲ್ಬ್ ಬಳಸತೊಡಗಿದಾಗ ಈ ಲೆಕ್ಕ ತಪ್ಪಿತು. ಪರೀಕ್ಷೆಯ ಬಲ್ಬು ಬಿಡುವ ಅಷ್ಟೇ ಕರೆಂಟಿಗೆ ಫ್ಲ್ಯಾಶ್‌ಬಲ್ಬ್ ಹೊತ್ತಿಕೊಳ್ಳುತ್ತದೆ, ಅಂದರೆ ಕೀಲಿ ತಿರುಗಿಸಿದ ಕ್ಷಣವೇ ರಾಕೆಟ್ ಏಳುತ್ತದೆ. ಬಲ್ಬಿನ ಜಾಗಕ್ಕೆ ಕೆಲವೇ ಮಿಲಿಆಂಪಿಯರ್ ಸಾಕಾಗುವ ಎಲ್‌ಇಡಿ ಅಥವಾ ಬಝರ್ ಬಂದದ್ದರ ಹಿಂದೆ ಈ ಪಾಠವೂ ಇದೆ.

ಇನ್ನೊಂದು ತೊಡಕು ವೈರಿನ ಉದ್ದದ್ದು. ಶಕ್ತಿಗೆ ತಕ್ಕಂತೆ ಅಕ್ಷರದಿಂದ ಗುರುತಿಸುವ ಮೋಟಾರುಗಳಲ್ಲಿ ‘ಡಿ’ ದರ್ಜೆಯವರೆಗೆ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ ದೂರ ಕಡ್ಡಾಯ. ಗುಂಪು ದೊಡ್ಡದಾದಷ್ಟೂ ಕ್ಲಬ್ಬುಗಳು ಇನ್ನೂ ದೂರ ನಿಲ್ಲುತ್ತವೆ. ಉದ್ದದ ತೆಳು ವೈರಿನಲ್ಲೇ ವೋಲ್ಟೇಜು ಸೋರಿ, ಇಗ್ನೈಟರ್ ಕೆಂಪಗಾಗದೆ ಉಳಿಯುತ್ತದೆ. ಪರಿಹಾರವೆಂದರೆ 12 ವೋಲ್ಟಿನ ಕಾರ್ ಬ್ಯಾಟರಿಯನ್ನು ರ‍್ಯಾಕಿನ ಬುಡದಲ್ಲೇ ಇಟ್ಟು, ಪ್ರತಿ ರಾಡಿಗೊಂದು ರಿಲೇ ಕೂರಿಸುವುದು. ಮೇಜಿನಿಂದ ಹೋಗುವ ತೆಳು ವೈರು ರಿಲೇಯನ್ನಷ್ಟೇ ಎಳೆಯುತ್ತದೆ, ಭಾರಿ ಕರೆಂಟು ಒಂದೆರಡು ಮೀಟರ್ ಮಾತ್ರ ಓಡುತ್ತದೆ. ಈ ಅನುಕೂಲದ ಬೆನ್ನಿಗೇ ಹೊಸ ಅಪಾಯವೂ ಬಂತು. ಕಿಡಿ ಹಾರಿ ರಿಲೇಯ ಸಂಪರ್ಕಬಿಂದುಗಳು ಬೆಸೆದುಕೊಂಡರೆ, ಮುಂದಿನ ಸರದಿಯವನು ಕ್ಲಿಪ್ ಕಚ್ಚಿಸುವಾಗಲೇ ಮೋಟಾರು ಹೊತ್ತಿಕೊಳ್ಳುತ್ತದೆ. ಮೇಜಿನ ಮೇಲಿನ ಕೀಲಿ ತೆಗೆದಿದ್ದರೂ ಇದು ತಪ್ಪುವುದಿಲ್ಲ. ಆದುದರಿಂದ ಜವಾಬ್ದಾರಿಯುತ ಕ್ಲಬ್ಬುಗಳು ರ‍್ಯಾಕಿನ ಬಳಿಯೇ ಇನ್ನೊಂದು ಸ್ವಿಚ್ಚನ್ನೂ, ಕ್ಲಿಪ್ಪುಗಳಲ್ಲಿ ಕರೆಂಟು ಉಳಿದಿದ್ದರೆ ಕೂಗುವ ಬಝರನ್ನೂ ಇಡುತ್ತವೆ. ಕ್ಲಿಪ್ಪುಗಳಿಗಂತೂ ಪ್ರತಿ ಹಾರಾಟದಲ್ಲೂ ಮದ್ದಿನ ಮಸಿ ಮೆತ್ತುತ್ತದೆ. ಉಪ್ಪುಕಾಗದದಿಂದ ಉಜ್ಜದಿದ್ದರೆ ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ರಾಕೆಟ್ಟುಗಳು ಏಳದೆ ನಿಲ್ಲುತ್ತವೆ.

1980ರ ದಶಕದಿಂದ ಹೆಚ್ಚು ಶಕ್ತಿಯ ರಾಕೆಟ್ಟುಗಳು ಬೆಳೆದಂತೆ ಒಂದೇ ಸಾಲಿನ ರ‍್ಯಾಕು ಸಾಲದಾಯಿತು. ‘ಕೆ’ ದರ್ಜೆಯ ಮೋಟಾರಿಗೆ 200 ಅಡಿ, ‘ಎಂ’ ದರ್ಜೆಗೆ 500 ಅಡಿ ದೂರ ಬೇಕಾದ್ದರಿಂದ ಮೈದಾನದಲ್ಲಿ ಸಣ್ಣವು ಮುಂದೆ, ದೊಡ್ಡವು ದೂರದ ಸಾಲುಗಳಲ್ಲಿ ನಿಲ್ಲತೊಡಗಿದವು. ಭಾರಕ್ಕೆ ಬಳುಕುವ ರಾಡಿನ ಬದಲು ಅಲ್ಯೂಮಿನಿಯಂ ಹಳಿ ಬಂತು; ಯಂತ್ರಗಳ ಚೌಕಟ್ಟು ಕಟ್ಟಲು ಮಾರುವ, ಒಂದಂಗುಲ ಅಥವಾ ಒಂದೂವರೆ ಅಂಗುಲದ, ಉದ್ದಕ್ಕೂ ತೋಡುಳ್ಳ ಪಟ್ಟಿಗಳೇ ಇವು. ರಾಕೆಟ್ಟಿನ ಮೈಗೆ ಸ್ಕ್ರೂ ಹಾಕಿದ ಗುಬುಟುಗಳು ಆ ತೋಡಿನೊಳಗೆ ಜಾರುತ್ತವೆ. ಎತ್ತರದ ಸ್ಪರ್ಧೆಗಳಲ್ಲಿ ಲಗ್ಗಿನ ಗಾಳಿತಡೆಯೂ ಬೇಡವೆಂದು ಮೂರು ಕಡೆಯಿಂದ ಆನಿಸಿ ಹಿಡಿಯುವ ಗೋಪುರ ಬಳಸುತ್ತಾರೆ.

ಅಮೆರಿಕದ ಶಾಲಾ ಮಕ್ಕಳ ‘ಟೀಮ್ ಅಮೆರಿಕ’ ರಾಕೆಟ್ ಸ್ಪರ್ಧೆ ಸಾಲು ಉಡಾವಣೆಗೆ ಒಡ್ಡಿದ ಬೇಡಿಕೆ ದೊಡ್ಡದು. 2003ರ ವರ್ಜೀನಿಯಾದ ಮೊದಲ ಅಂತಿಮ ಸುತ್ತಿಗೆ ನೂರು ತಂಡಗಳು ಹಸಿ ಮೊಟ್ಟೆ ಹೊತ್ತ ರಾಕೆಟ್ಟುಗಳೊಡನೆ ಬಂದಿದ್ದವು. ಇಂಥ ಕೂಟಗಳಲ್ಲೂ ಒಂದು ಬಾರಿಗೆ ಒಂದೇ ರಾಕೆಟ್ ಏಳುವುದು ವಾಡಿಕೆ. ಪೈಪೋಟಿಗೆ ಎರಡು ಮೂರನ್ನು ಜೊತೆಯಾಗಿ ಹಾರಿಸುವುದೂ ಉಂಟು. ಆದರೆ ಏಕಕಾಲಕ್ಕೆ ಹತ್ತಕ್ಕಿಂತ ಹೆಚ್ಚು ಹಾರಿಸುವುದಾದರೆ ಸಂಹಿತೆಯ ಲೆಕ್ಕವೇ ಬೇರೆ: ಅವುಗಳಲ್ಲಿ ಅತಿ ಎತ್ತರ ಏರಲಿರುವ ರಾಕೆಟ್ ಎಷ್ಟು ಮೇಲೆ ಹೋಗಬಹುದೋ ಅದರ ಒಂದೂವರೆ ಪಟ್ಟು ದೂರದಲ್ಲಿ ಜನ ನಿಲ್ಲಬೇಕು.