ಬುಧವಾರ ಸಂಜೆ 6 ಗಂಟೆ

1/6

ಮೊದಲನೇ ಫೋಟೋದಲ್ಲಿರೋ ಗೇಟು ಬಸವನಗುಡಿ ಕಡೆಯವರಿಗೆ ನೋಡಿದ ಕೂಡಲೇ ಗೊತ್ತಾಗಿರುತ್ತೆ. ನ್ಯಾಷನಲ್ ಕಾಲೇಜು. ಮೆಟ್ರೋ ಹಸಿರು ಮಾರ್ಗದಲ್ಲಿ ದಿನಾ ಈ ಹೆಸರು ಕೇಳ್ತೀರಾ, ಅರ್ಧ ಜನ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗೋಕೆ ಅಂತ ಇಲ್ಲಿ ಇಳೀತೀರಾ. ನಾನೂ ಅಷ್ಟೇ. ಹೋದ ತಿಂಗಳವರೆಗೂ ಈ ಕಾಲೇಜು ಅಂದ್ರೆ ನನಗೆ ಅದರ ಮೈದಾನ, ಗಣೇಶೋತ್ಸವ, ಮತ್ತೆ ವಿಷ್ಣುವರ್ಧನ್ ಓದಿದ ಕಾಲೇಜು ಅನ್ನೋದು. ಅಷ್ಟೇ.

ಈ ಸರಣಿ ಶುರುವಾಗಿದ್ದು ಬೇರೆ ಒಂದು ಕಾಲೇಜಿನ ಗೇಟ್‌ನಿಂದ. ಹೆಸರು ಬೇಡ. ಅಲ್ಲಿ ಒಂದು ದಿನ ಖಗೋಳ ವಿಜ್ಞಾನದ ಮೇಲೆ ಉಪನ್ಯಾಸ ಇತ್ತು. ನಾನು ಸುಮ್ನೆ ಮನೇಲಿ ಹೇಳಿದ್ದಕ್ಕೆ ನಮ್ಮ ತಾತ 'ನಾನೂ ಬರ್ತೀನಿ ಕಣೇ' ಅಂದ್ರು. ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಕನ್ನಡಕ ಒರೆಸ್ಕೊಂಡು ಬಂದ್ರು. ಗೇಟ್‌ನಲ್ಲಿ ಸೆಕ್ಯುರಿಟಿಯವರು ನನ್ನ ಐಡಿ ಕಾರ್ಡ್ ನೋಡಿ ಒಳಗೆ ಬಿಟ್ರು, ತಾತನ್ನ ಬಿಡಲಿಲ್ಲ. 'ಸ್ಟೂಡೆಂಟ್ಸ್‌ಗೆ ಮಾತ್ರ ಸಾರ್.' ಅವರ ತಪ್ಪೇನಿಲ್ಲ, ಅವರಿಗೆ ಹಾಗೇ ಹೇಳಿರ್ತಾರೆ. ತಾತ 'ಪರವಾಗಿಲ್ಲ, ನೀನು ಹೋಗು, ನಾನು ಕಾಫಿ ಕುಡಿದು ಮನೆಗೆ ಹೋಗ್ತೀನಿ' ಅಂದ್ರು.

ಒಳಗೆ ಹೋದ್ರೆ ಅರ್ಧ ಹಾಲ್ ಖಾಲಿ. ಬಂದವರೂ ಅಟೆಂಡೆನ್ಸ್‌ಗೆ ಬಂದವರು. ನಾನೂ ಅಟೆಂಡೆನ್ಸ್ ಹಾಕಿ ಇಪ್ಪತ್ತು ನಿಮಿಷಕ್ಕೆ ಎದ್ದು ಬಂದೆ. ಇದನ್ನ ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತಿದ್ದೀನಿ.

2/6

ಅವತ್ತು ರಾತ್ರಿ ಊಟಕ್ಕೆ ಕೂತಾಗ ತಾತ ಹೇಳಿದ್ದು: 'ನಮ್ಮ ಕಾಲದಲ್ಲಿ ನ್ಯಾಷನಲ್ ಕಾಲೇಜಲ್ಲಿ ಯಾರೂ ನೀನ್ಯಾರು ಅಂತ ಕೇಳ್ತಿರಲಿಲ್ಲ.'

ನಮ್ಮ ತಾತ ಎಸ್ಸೆಸ್ಸೆಲ್ಸಿ ಫೇಲು. ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಮೊಳೆ ಜೋಡಿಸೋ ಕೆಲಸ. ಅಂದ್ರೆ ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಸಾಲು ಕಟ್ಟೋದು. ಬುಧವಾರ ಸಂಜೆ ಕೆಲಸ ಮುಗಿಸಿ, ಕೈಯಲ್ಲಿ ಇನ್ನೂ ಮಸಿ ಇರೋ ಹಾಗೇ ನಡ್ಕೊಂಡು ನ್ಯಾಷನಲ್ ಕಾಲೇಜಿಗೆ ಹೋಗ್ತಿದ್ರಂತೆ. ಅಲ್ಲಿ ವಿಜ್ಞಾನಿಗಳ ಭಾಷಣ, ಆಮೇಲೆ ವಿಜ್ಞಾನದ ಫಿಲ್ಮು. 'ಇಂಗ್ಲಿಷ್‌ನಲ್ಲಿ ಮಾತಾಡಿದ್ರೆ ಮುಕ್ಕಾಲು ಪಾಲು ಅರ್ಥ ಆಗ್ತಿರಲಿಲ್ಲ. ಆದ್ರೆ ಫಿಲ್ಮ್ ನೋಡ್ತಿದ್ದೆ. ಕನ್ನಡದಲ್ಲಿದ್ರೆ ಪೂರ್ತಿ ಕೂರ್ತಿದ್ದೆ.'

ಅದರ ಹೆಸರು ಬೆಂಗಳೂರು ಸೈನ್ಸ್ ಫೋರಂ. 1962ರಲ್ಲಿ ಶುರುವಾಯ್ತು. ಪ್ರತಿ ಬುಧವಾರ ಸಂಜೆ ಒಂದು ಉಪನ್ಯಾಸ, ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವ. ಪ್ರವೇಶ ಉಚಿತ, ಯಾರು ಬೇಕಾದ್ರೂ ಬರಬಹುದು. ಶುರು ಮಾಡಿದವರು ಆ ಕಾಲೇಜಿನ ಪ್ರಿನ್ಸಿಪಾಲ್, ಎಚ್. ನರಸಿಂಹಯ್ಯ. ಊರೆಲ್ಲ ಕರೀತಿದ್ದಿದ್ದು ಎಚ್ಚೆನ್ ಅಂತ.

ಗೂಗಲ್ ಮಾಡಿದ್ರೆ ಖಾದಿ ಜುಬ್ಬ, ಗಾಂಧಿ ಟೋಪಿ ಹಾಕಿರೋ ಒಬ್ಬ ಸಣ್ಣ ಮನುಷ್ಯನ ಫೋಟೋ ಬರುತ್ತೆ. ಎರಡನೇ ಸ್ಲೈಡ್ ನೋಡಿ.

3/6

ಎಚ್ಚೆನ್ ಕಥೆ ಹೇಳದೆ ಈ ಬುಧವಾರದ ಕಥೆ ಅರ್ಥ ಆಗಲ್ಲ, ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಹುಟ್ಟಿದ್ದು 1920ರ ಜೂನ್ 6, ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ. ಬಡ ಮನೆ. ಮುಂದೆ ಓದ್ಬೇಕು ಅಂದ್ರೆ ಊರಲ್ಲಿ ದಾರಿ ಇರಲಿಲ್ಲ. 1935ರಲ್ಲಿ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದ್ರು. ಬಂದಿದ್ದು ಹೇಗೆ ಗೊತ್ತಾ? ನಡ್ಕೊಂಡು. ಸುಮಾರು 85 ಕಿಲೋಮೀಟರ್. ಬಸ್ಸಿಗೆ ಕಾಸಿರಲಿಲ್ಲ. ನಾವು ಜಯನಗರದಿಂದ ಬಸವನಗುಡಿಗೆ ಆಟೋ ಬುಕ್ ಮಾಡೋ ಜನ.

ಅವರು ಸೇರಿದ ಆ ಸ್ಕೂಲೂ ಸುಮ್ನೆ ಒಂದು ಸ್ಕೂಲಲ್ಲ. 1917ರಲ್ಲಿ ಆನಿ ಬೆಸೆಂಟ್ ಪ್ರೇರಣೆಯಿಂದ, ಬ್ರಿಟಿಷರ ಶಿಕ್ಷಣಕ್ಕೆ ಬದಲಾಗಿ ನಮ್ಮದೇ ರಾಷ್ಟ್ರೀಯ ಶಿಕ್ಷಣ ಬೇಕು ಅಂತ ಹುಟ್ಟಿದ್ದು. ಹೆಸರಲ್ಲಿರೋ 'ನ್ಯಾಷನಲ್' ಅದೇ. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನ ಅಲ್ಲೇ ನಿಂತು ಕನ್ನಡಕ್ಕೆ ಹೇಳಿದ ಹುಡುಗ ಇದೇ ನರಸಿಂಹಯ್ಯ. ಹದಿನಾರು ವಯಸ್ಸು! ನನಗೆ ಅವರ ಇಡೀ ಬದುಕಲ್ಲಿ ತುಂಬಾ ಹಿಡಿಸಿದ್ದು ಈ ಚಿತ್ರ. ಎಲ್ಲೋ ದೊಡ್ಡವರು ಆಡಿದ ಮಾತನ್ನ, ಎದುರಿಗೆ ಕೂತಿರೋ ಸಾಮಾನ್ಯ ಜನರ ಭಾಷೆಗೆ ದಾಟಿಸೋದು. ಆಮೇಲೆ ಜೀವನಪೂರ್ತಿ ಅವರು ಮಾಡಿದ್ದೂ ಹೆಚ್ಚೂಕಡಿಮೆ ಅದನ್ನೇ.

ಕಾಲೇಜು ಓದಿದ್ದು ಸೆಂಟ್ರಲ್ ಕಾಲೇಜಲ್ಲಿ, ಫಿಸಿಕ್ಸ್. 1942ರ ಕ್ವಿಟ್ ಇಂಡಿಯಾ ಚಳವಳಿಗೆ ಓದು ಬಿಟ್ಟು ಧುಮುಕಿ ಜೈಲಿಗೆ ಹೋದ್ರು. ಬೆಂಗಳೂರು ಸೆಂಟ್ರಲ್ ಜೈಲು ಈಗಿನ ಫ್ರೀಡಂ ಪಾರ್ಕ್, ಕಾಲೇಜಿಂದ ಕೂಗಳತೆ ದೂರ. ಮತ್ತೆ ಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಲೆಕ್ಚರರ್ ಆದ್ರು. ಕಾಲೇಜಿಗೆ ಆಗಿನ್ನೂ ಒಂದು ವರ್ಷ. ಆಮೇಲೆ ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ, 1960. ವಾಪಸ್ ಬಂದು 1961ರಲ್ಲಿ ಪ್ರಿನ್ಸಿಪಾಲ್. ಮರುವರ್ಷವೇ ಸೈನ್ಸ್ ಫೋರಂ. ಮದುವೆ ಆಗಲಿಲ್ಲ, ಮನೆ ಮಾಡಲಿಲ್ಲ. ಕಾಲೇಜು ಹಾಸ್ಟೆಲ್‌ನ ಒಂದು ರೂಮಲ್ಲಿ ಕೊನೆವರೆಗೂ ಇದ್ರು. 2005ರ ಜನವರಿ 31ರಂದು ತೀರಿಕೊಂಡ್ರು.

4/6

ಇಲ್ಲಿ ಒಂದು ಹೆಜ್ಜೆ ಹಿಂದಕ್ಕೆ. ಎಚ್ಚೆನ್ ಓದಿದ ಸೆಂಟ್ರಲ್ ಕಾಲೇಜಿಗೂ ಉಪನ್ಯಾಸದ ವಿಷಯದಲ್ಲಿ ದೊಡ್ಡ ಇತಿಹಾಸ ಇದೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, ಅದು ರಾಮನ್ ಪರಿಣಾಮ ಕಂಡುಹಿಡಿದ ದಿನ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೀವಿ. ಕಲ್ಕತ್ತಾದಲ್ಲಿ ನಡೆದಿದ್ದು, 1928. ಆದ್ರೆ ಅದನ್ನ ರಾಮನ್ ಒಂದು ಪೂರ್ತಿ ಉಪನ್ಯಾಸವಾಗಿ ಜನರ ಮುಂದೆ ಇಟ್ಟಿದ್ದು ಎಲ್ಲಿ? ನಮ್ಮ ಬೆಂಗಳೂರಲ್ಲಿ. 1928ರ ಮಾರ್ಚ್ 16, ಶುಕ್ರವಾರ. ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಮತ್ತು ಸೆಂಟ್ರಲ್ ಕಾಲೇಜಿನ ಸೈನ್ಸ್ ಕ್ಲಬ್ ಸೇರಿ ನಡೆಸಿದ ಸಭೆ. 'ಹೊಸ ವಿಕಿರಣ' ಅನ್ನೋದು ವಿಷಯ. ಎರಡು ವರ್ಷಕ್ಕೆ ನೊಬೆಲ್ ಬಂತು. ಒಂದು ಕಾಲೇಜಿನ ಸೈನ್ಸ್ ಕ್ಲಬ್ ಪಾಲುದಾರ ಆಗಿದ್ದ ಸಭೆ ರೀ ಅದು! ನಮ್ಮ ಕಾಮರ್ಸ್ ಕ್ಲಬ್‌ನಲ್ಲಿ ಹೋದ ವರ್ಷ ನಾವು ಮಾಡಿದ್ದು ಒಂದು ರೀಲ್ಸ್ ಕಾಂಪಿಟಿಷನ್.

ಅದಕ್ಕೂ ಹಿಂದೆ ಅದೇ ಕಾಲೇಜಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿದ್ರು. 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹುಟ್ಟಿದ್ದು ಆ ಸಂಘದಿಂದ. ಅದೇ ಕಾಲೇಜಲ್ಲಿ ಪಾಠ ಮಾಡಿದ ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿ, ಅಚ್ಚು ಹಾಕಿಸಿ, ಪುಸ್ತಕ ಹೊತ್ಕೊಂಡು ಮಾರಿದವರು.

ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಪ್ರಚಾರೋಪನ್ಯಾಸ ಅಂತ. ಮೇಷ್ಟ್ರುಗಳೇ ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡೋದು, ಆಮೇಲೆ ಅದನ್ನ ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಕೊಡೋದು. ಜನ ಕಾಲೇಜಿಗೆ ಬರೋದಕ್ಕೆ ಕಾಯೋದಲ್ಲ, ಕಾಲೇಜೇ ಜನರ ಹತ್ರ ಹೋಗೋದು. ತಾತನ ಮಾತು ಕೇಳಿದ ಮೇಲೆ ನನಗೆ ಅನ್ನಿಸೋದು, ಈ ವಿಷಯದಲ್ಲಿ ಮೈಸೂರಿನವರು ಮಾಡಿದ್ದೇ ಹೆಚ್ಚು ಸರಿ. ಗೇಟ್ ತೆಗೆದಿಟ್ರೆ ಸಾಲದು. ಒಳಗೆ ಆಡೋ ಭಾಷೆ ಗೊತ್ತಿಲ್ಲದಿದ್ರೆ ಅದು ಇನ್ನೊಂದು ಗೇಟೇ. ಎಚ್ಚೆನ್‌ಗೂ ಇದು ಗೊತ್ತಿಲ್ಲದೆ ಇರಲಿಲ್ಲ. ಕನ್ನಡದ ಪರ ಗಟ್ಟಿಯಾಗಿ ನಿಂತವರು, ಕನ್ನಡದಲ್ಲೇ ಬರೆದವರು. ಆದ್ರೂ ತಾತ ಮುಕ್ಕಾಲು ಪಾಲು ಅರ್ಥ ಆಗದೆ ಕೂತಿದ್ದೂ ನಿಜ ಅಲ್ವಾ.

5/6

ಈಗ ಸ್ವಲ್ಪ ಬಿಸಿ ವಿಷಯ. ಕಾಮೆಂಟ್ಸ್‌ನಲ್ಲಿ ಜಗಳ ಬೇಡ ಪ್ಲೀಸ್.

ಎಚ್ಚೆನ್ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆ ಕಾಲದಲ್ಲಿ ಅವರು ಮಾಡಿದ ಎರಡು ಕೆಲಸ ಒಟ್ಟಿಗೆ ಇಟ್ಟು ನೋಡಿ. ಒಂದು, ಸಂಗೀತ, ನೃತ್ಯ, ನಾಟಕಕ್ಕೆ ವಿಶ್ವವಿದ್ಯಾಲಯದಲ್ಲೇ ಒಂದು ವಿಭಾಗ ತೆರೆದಿದ್ದು. ಫಿಸಿಕ್ಸ್ ಮೇಷ್ಟ್ರು! ನ್ಯಾಷನಲ್ ಕಾಲೇಜಲ್ಲೂ ಅವರು ಸೈನ್ಸ್ ಫೋರಂ ಜೊತೆಗೆ ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿದ್ರು, ಸಂಗೀತ ಕಛೇರಿಗಳಿಗೆ. ವಿಜ್ಞಾನ ಅಂದ್ರೆ ಕಲೆ ಬೇಡ ಅನ್ನೋ ಪೈಕಿ ಅಲ್ಲ ಅವರು.

ಎರಡನೇದು, 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನ ಪರೀಕ್ಷೆ ಮಾಡೋಕೆ ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿ ಮಾಡಿದ್ದು. ತಾವೇ ಅಧ್ಯಕ್ಷರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ನೀವು ಮಾಡೋ ಪವಾಡಗಳನ್ನ ನಾವು ಹೇಳೋ ನಿಯಮಗಳ ಒಳಗೆ ಮಾಡಿ ತೋರಿಸಿ ಅಂತ ಮೂರು ಪತ್ರ ಬರೆದ್ರು. ಉತ್ತರ ಬರಲಿಲ್ಲ. ದೇಶದಲ್ಲೆಲ್ಲ ಸುದ್ದಿ ಆಯ್ತು, ವಿರೋಧವೂ ಜೋರಾಗೇ ಬಂತು. ಕುಲಪತಿ ಕೆಲಸ ಇದಾ, ಜನರ ನಂಬಿಕೆಗೆ ಕೈ ಹಾಕೋ ಹಕ್ಕು ವಿಶ್ವವಿದ್ಯಾಲಯಕ್ಕಿದೆಯಾ ಅಂತ.

ನಮ್ಮ ಮನೇಲೇ ಇದು ಬಗೆಹರಿದಿಲ್ಲ. ನಮ್ಮ ಅಜ್ಜಿ ಪ್ರತಿ ಗುರುವಾರ ಭಜನೆಗೆ ಹೋಗೋರು. ತಾತ ಬುಧವಾರ ಎಚ್ಚೆನ್ ಕಡೆ, ಅಜ್ಜಿ ಗುರುವಾರ ಬಾಬಾ ಕಡೆ. 'ಆ ಮನುಷ್ಯನ ಮೇಲೆ ನಂಗೆ ಕೋಪ ಇತ್ತು. ಆದ್ರೆ ಅವರು ಅಲ್ಲಿ ಕೂರೋರಿಗೆ ಕೆಟ್ಟದ್ದು ಮಾಡಲಿಲ್ಲ ಬಿಡು' ಅಂತಾರೆ ಅಜ್ಜಿ. ತಾತ ನಗ್ತಾರೆ, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದ್ರೆ, ಪತ್ರ ಬರೆದದ್ದು ತಪ್ಪು ಅನ್ನಿಸಲ್ಲ. ಪ್ರಶ್ನೆ ಕೇಳೋದನ್ನ ಅವರು ವಿಜ್ಞಾನಿಗಳಿಗಷ್ಟೇ ಮೀಸಲಿಡಲಿಲ್ಲ. ಬುಧವಾರ ಉಪನ್ಯಾಸ ಮುಗಿದ ಮೇಲೆ ಮೊಳೆ ಜೋಡಿಸೋನೂ ಎದ್ದು ನಿಂತು ಕೇಳಬಹುದಿತ್ತು. ತಾತ ಒಂದೇ ಸಲ ಕೇಳಿದ್ರಂತೆ, ಚಂದ್ರನ ಮೇಲೆ ಧೂಳಿದ್ರೆ ಗಾಳಿ ಇಲ್ದೆ ಅದು ಹೇಗೆ ಏಳುತ್ತೆ ಅಂತ. ಯಾರೂ ನಗಲಿಲ್ಲ, ಭಾಷಣಕಾರರು ಹತ್ತು ನಿಮಿಷ ಉತ್ತರ ಹೇಳಿದ್ರು. ಏನು ಹೇಳಿದ್ರು ಅಂತ ತಾತನಿಗೆ ಈಗ ನೆನಪಿಲ್ಲ. ಹತ್ತು ನಿಮಿಷ ಅನ್ನೋದು ನೆನಪಿದೆ.

6/6

ಬಿಕಾಂ ತಲೆ ಓಡಿಸಿ ಒಂದು ಲೆಕ್ಕ. ಕಾಲೇಜಲ್ಲಿ ಹಾಲ್ ಇದೆ, ಕುರ್ಚಿ ಇದೆ, ಮೈಕ್ ಇದೆ, ಫ್ಯಾನ್ ಇದೆ. ಇವೆಲ್ಲ ಫಿಕ್ಸೆಡ್ ಕಾಸ್ಟ್, ಆಗಲೇ ಖರ್ಚಾಗಿರೋದು. ಸಂಜೆ 6ಕ್ಕೆ ಕ್ಲಾಸ್ ಮುಗಿದು ಎಲ್ಲ ಖಾಲಿ. ಐವತ್ತು ಜನ ಕೂತಿರೋ ಕಡೆ ಐವತ್ತೊಂದನೆಯವರು ಬಂದು ಕೂತ್ರೆ ಹೆಚ್ಚಿಗೆ ಖರ್ಚು ಎಷ್ಟು? ಸೊನ್ನೆ. ಮಾರ್ಜಿನಲ್ ಕಾಸ್ಟ್ ಬಗ್ಗೆ ಇಂಟರ್ನಲ್ಸ್‌ನಲ್ಲಿ ಹತ್ತು ಮಾರ್ಕ್ಸ್‌ಗೆ ಬರೆದಿದ್ದೀವಲ್ಲ, ಇದೇ ಅದು. ಸುರಕ್ಷತೆ ಅಂತೀರಾ, ಒಪ್ತೀನಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಗೇಟಲ್ಲಿಟ್ಟು ಹೆಸರು, ಫೋನ್ ನಂಬರ್ ಬರೆಸ್ಕೊಳ್ಳಿ. ಆಗಲ್ವಾ?

ನಾನು, ನಮ್ಮ ಕ್ಲಾಸಿನ ಮೂವರು ಸೇರಿ ಆ ಕಾಲೇಜಿಗೆ ಇದನ್ನೇ ಒಂದು ಅರ್ಜಿ ಬರೆದು ಕೊಟ್ಟಿದ್ದೀವಿ. ಉಪನ್ಯಾಸ ಇರೋ ದಿನ ಹಾಲ್‌ನ ಹಿಂದಿನ ಎರಡು ಸಾಲು ಹೊರಗಿನವರಿಗೆ ಬಿಡಿ ಅಂತ. 'ನೋಡೋಣ' ಅಂದಿದ್ದಾರೆ. ನೋಡೋಣ ಅಂದ್ರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಅರ್ಜಿಗೆ ಇನ್ನೂ ಸಹಿ ಬೇಕು. ಕ್ಲಾಸ್‌ಮೇಟ್ಸ್, ಸೋಮವಾರ ಕ್ಯಾಂಟೀನ್‌ನಲ್ಲಿ ಹಾಳೆ ಹಿಡ್ಕೊಂಡು ಕೂತಿರ್ತೀನಿ, ತಪ್ಪಿಸ್ಕೊಂಡು ಓಡಬೇಡಿ.

ಕೊನೇ ಸ್ಲೈಡ್‌ನಲ್ಲಿರೋದು ತಾತನ ಕೈ. ಬೆರಳ ತುದೀಲಿ ಈಗ ಮಸಿ ಇಲ್ಲ, ಆದ್ರೆ ಹೆಬ್ಬೆರಳು ಇನ್ನೂ ಸ್ವಲ್ಪ ಬಾಗಿದೆ.

ಬುಧವಾರ ನಾನು, ತಾತ ನ್ಯಾಷನಲ್ ಕಾಲೇಜಿಗೆ ಹೋಗ್ತಿದ್ದೀವಿ. ಬರೋರು ಮೆಟ್ರೋ ಸ್ಟೇಷನ್ ಕೆಳಗೆ 5.40ಕ್ಕೆ ಸಿಗಿ. ಅಜ್ಜಿನೂ ಬರ್ತಾರಂತೆ, ವಿಷಯ ಏನು ಅಂತ ಮೊದಲು ಹೇಳು ಅಂತ ಕಂಡೀಷನ್ ಹಾಕಿದ್ದಾರೆ. ಮುಗಿದ ಮೇಲೆ ಗಾಂಧಿ ಬಜಾರ್‌ನಲ್ಲಿ ದೋಸೆ. ಬಿಲ್ ಸಮ ಪಾಲು, ತಾತನಿಗೆ ಮಾತ್ರ ಫ್ರೀ.

#ಬುಧವಾರಸಂಜೆ #ಎಚ್ಚೆನ್ #ಬಸವನಗುಡಿ #ನಮ್ಮೂರಇತಿಹಾಸ