ತವರು ದೇಶಾಂತರ ಹೋದಾಗ: ಜ್ಞಾನಭಾರತಿಯಿಂದ ಕಂಡ ಅನಿವಾಸಿ ಸಂಸಾರ

ಜನಗಣತಿಯ ಪ್ರಕಾರ ಒಂದು ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ಇದ್ದು ಒಂದೇ ಅಡುಗೆಮನೆಯ ಊಟ ಮಾಡುವವರು. ಈ ವ್ಯಾಖ್ಯೆ ಹಿಡಿದು ಬೆಂಗಳೂರಿನ ಜ್ಞಾನಭಾರತಿಯ ಸುತ್ತಲಿನ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ಬೀದಿಗಳಲ್ಲಿ ಹೊರಟರೆ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಎರಡಂತಸ್ತಿನ ಮನೆಗಳು ಎದುರಾಗುತ್ತವೆ. ಮಗ ಡಲ್ಲಾಸ್‌ನಲ್ಲಿ, ಮಗಳು ಸಿಡ್ನಿಯಲ್ಲಿ. ವ್ಯಾಖ್ಯೆಯ ಲೆಕ್ಕಕ್ಕೆ ಇವು ಮೂರು ಕುಟುಂಬ. ಆದರೆ ಇದೇ ಬೀದಿಯ ಫ್ಲೋರ್‌ಮಿಲ್ಲಿನ ಮುಂದೆ ಬೇಸಿಗೆಯಲ್ಲಿ ನಿಂತು ನೋಡಬೇಕು. ಹುರಿದ ಧನಿಯ, ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯದ ಡಬ್ಬಿ ಹಿಡಿದು ಬಂದವರು ಒಂದೇ ಸಲಕ್ಕೆ ಮೂರು ಮನೆಯ ಸಾರಿನ ಪುಡಿ ಮಾಡಿಸಿಕೊಂಡು ಹೋಗುತ್ತಾರೆ. ಒಲೆ ಮೂರಾದರೂ ಪುಡಿ ಒಂದೇ. ಸಮಾಜಶಾಸ್ತ್ರಜ್ಞ ಎ.ಎಂ. ಶಾ ಅವರು 1973ರ ತಮ್ಮ ಕೃತಿಯಲ್ಲಿ ಒಂದು ಸೂರಿನಡಿಯ ಮನೆವಾರ್ತೆ ಬೇರೆ, ನಂಟಿನ ಕುಟುಂಬ ಬೇರೆ ಎಂದು ವಿಂಗಡಿಸಿ ತೋರಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಆದರೂ ಸಾರಿನ ಪುಡಿಯನ್ನು ಎರಡರಲ್ಲಿ ಯಾವುದರ ಖಾತೆಗೆ ಬರೆಯಬೇಕು ಎಂಬುದು ಅಷ್ಟಕ್ಕೇ ತೀರುವುದಿಲ್ಲ.

ಅನಿವಾಸಿ ಕುಟುಂಬದ ಅಧ್ಯಯನ ಹೆಚ್ಚಾಗಿ ಹೋದವರ ಕಡೆಯಿಂದ ನಡೆದಿದೆ. ಈ ಲೇಖನ ಉಳಿದವರ ಕಡೆಯಿಂದ ನೋಡುತ್ತದೆ. ಇದು ಸಮೀಕ್ಷೆಯಲ್ಲ, ನೆರೆಹೊರೆಯ ಗಮನಿಕೆಯನ್ನು ಕಾನೂನು ಮತ್ತು ಶಾಸ್ತ್ರಗ್ರಂಥಗಳ ಪಕ್ಕದಲ್ಲಿಟ್ಟು ಓದುವ ಪ್ರಯತ್ನ. ಸ್ಥಳಕ್ಕೂ ಅರ್ಥವಿದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಜ್ಞಾನಭಾರತಿ ಆವರಣಕ್ಕೆ ಬಂತು. ಅದರ ಮಗ್ಗುಲಲ್ಲೇ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. 1972ರಲ್ಲಿ ದೆಹಲಿ ಬಿಟ್ಟು ಆ ಸಂಸ್ಥೆಗೆ ಬಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಮೊದಲ ಪುಸ್ತಕ ‘ಮ್ಯಾರೇಜ್ ಆ್ಯಂಡ್ ಫ್ಯಾಮಿಲಿ ಇನ್ ಮೈಸೂರ್’ (1942). ಮೈಸೂರು ಸೀಮೆಯ ಕನ್ನಡ ಕುಟುಂಬಗಳ ಮದುವೆ, ನಂಟಸ್ತಿಕೆಗಳನ್ನು ಶಾಸ್ತ್ರಕ್ಕೆ ತಂದವರು ಓಡಾಡಿದ ದಾರಿಯಲ್ಲೇ ಈಗ ಆ ನಂಟಸ್ತಿಕೆಯ ಒಂದು ಮುಖ್ಯ ನಿಯಮ ತಲೆಕೆಳಗಾಗಿದೆ.

ಆ ನಿಯಮ ಬಾಣಂತನದ್ದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಲೇಹ್ಯ, ಮಗುವಿಗೆ ತೇಯ್ದ ಬಜೆ ಎಲ್ಲ ಮುಗಿಸಿಕೊಂಡು ತೊಟ್ಟಿಲ ಕೂಸಿನೊಂದಿಗೆ ಗಂಡನ ಮನೆಗೆ ಹೋಗಬೇಕು. ತವರೆಂದರೆ ಸ್ಥಿರ, ಮಗಳು ಚರ. ಅನಿವಾಸಿ ಸಂಸಾರದಲ್ಲಿ ಮಗಳು ಇದ್ದಲ್ಲೇ ಇರುತ್ತಾಳೆ. ತವರು 23 ಕಿಲೋ ತೂಕದ ಎರಡು ಸೂಟ್‌ಕೇಸಾಗಿ ದೇವನಹಳ್ಳಿ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತದೆ. ಲೇಹ್ಯದ ಡಬ್ಬಿ, ಕುಲಾವಿ, ಹಳೆಯ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು ಅದರೊಳಗೆ. ಹಸಿ ಕರಿಬೇವು ಮಾತ್ರ ಇಲ್ಲೇ ಉಳಿಯುತ್ತದೆ. ನಿಂಬೆ ಜಾತಿಯ ಗಿಡಗಳಿಗೆ ತಗಲುವ ರೋಗದ ಭಯದಿಂದ ಅಮೆರಿಕ ಅದನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಮುಟ್ಟಿದ ಮೇಲೆ ಸಾಂಬ್ರಾಣಿ ಹಾಕಿದರೆ ಚಾವಣಿಯ ಹೊಗೆಗಂಟೆ ಬಡಿದುಕೊಳ್ಳುತ್ತದೆ. ಹಂಡೆಯಿಲ್ಲದ ಬಚ್ಚಲಿನ ಜಾರುವ ತೊಟ್ಟಿಯಲ್ಲಿ ಎಣ್ಣೆನೀರು ಹಾಕುವುದು ಒಂದು ಸಾಹಸ. ವಿಧಿ ಸವೆಯುತ್ತದೆ, ಆದರೆ ಬಿಟ್ಟುಹೋಗುವುದಿಲ್ಲ.

ತವರೇಕೆ ಅಷ್ಟು ದೂರ ಹೋಗುತ್ತದೆ? ಪ್ರೀತಿ ಎಂಬ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅಮೆರಿಕದ 1993ರ ಒಕ್ಕೂಟ ಕಾನೂನು ತಾಯಿಗೆ ಕೊಡುವುದು ಹನ್ನೆರಡು ವಾರಗಳ ರಜೆ. ಅದೂ ಸಂಬಳವಿಲ್ಲದೆ, ಹಲವು ಷರತ್ತುಗಳೊಂದಿಗೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಅದಕ್ಕೆ ಸ್ವಲ್ಪ ಸಂಬಳ ಸೇರಿಸಿವೆ. ನಮ್ಮಲ್ಲಿ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ಕೊಟ್ಟಿದೆ. ಇನ್ನೊಂದು ತಿರುವು 2015ರದು: ಅಮೆರಿಕದ ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗಳಲ್ಲಿ ಒಂದು ವರ್ಗಕ್ಕೆ ಆ ವರ್ಷ ದುಡಿಯುವ ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಮನೆಯಲ್ಲಿ ಇರಲೇಬೇಕಾಗಿದ್ದ ಅನೇಕ ಹೆಣ್ಣುಮಕ್ಕಳು ಕೆಲಸಕ್ಕೆ ಹೊರಟರು, ತೊಟ್ಟಿಲ ಬಳಿಯ ಜಾಗ ತೆರವಾಯಿತು. ಆ ಜಾಗಕ್ಕೆ ಬಂದವಳು ಅಜ್ಜಿ.

ಅಜ್ಜಿಗೂ ಒಂದು ಗಡಿಯಾರವಿದೆ. ಪ್ರವಾಸಿ ವೀಸಾದಲ್ಲಿ ಇಳಿದವರಿಗೆ ಅಮೆರಿಕ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಕೊಡುತ್ತದೆ. ಬ್ರಿಟನ್ನಿನ ಲೆಕ್ಕವೂ ಅಷ್ಟೇ. ಹೀಗಾಗಿ ಒಂದು ಹೊಸ ಪದ್ಧತಿಯೇ ಬೆಳೆದಿದೆ: ಮೊದಲ ಆರು ತಿಂಗಳು ಹೆಣ್ಣಿನ ತಾಯಿ, ಆಮೇಲಿನ ಆರು ತಿಂಗಳು ಗಂಡಿನ ತಾಯಿ. ಮಗುವಿಗೆ ವರ್ಷ ತುಂಬುವವರೆಗೆ ಬೀಗಿತ್ತಿಯರು ಪಾಳಿಯಲ್ಲಿ ದುಡಿಯುತ್ತಾರೆ. ಹಿಂದೆ ಬಾಣಂತಿಯನ್ನು ತವರಿನಲ್ಲಿ ಎಷ್ಟು ತಿಂಗಳು ಇಟ್ಟುಕೊಳ್ಳಬೇಕು ಎಂಬುದನ್ನು ಎರಡು ಮನೆಯ ಹಿರಿಯರು ಮಾತಾಡಿ ತೀರ್ಮಾನಿಸುತ್ತಿದ್ದರು. ಈಗ ವಿಮಾನ ನಿಲ್ದಾಣದ ವಲಸೆ ಅಧಿಕಾರಿ ಹಾಕುವ ತಾರೀಖು ತೀರ್ಮಾನಿಸುತ್ತದೆ. ಬೀಗಿತ್ತಿಯರ ನಡುವಿನ ಹಳೆಯ ಬಿಗುಮಾನ ಇಲ್ಲಿ ಕರಗುವುದನ್ನು ನಾನು ಕಂಡಿದ್ದೇನೆ. ಫ್ರಿಡ್ಜಿನಲ್ಲಿ ಏನೇನಿದೆ, ಮಗು ಯಾವ ಹಾಡಿಗೆ ಮಲಗುತ್ತದೆ ಎಂದು ಒಬ್ಬರು ಇನ್ನೊಬ್ಬರಿಗೆ ವಹಿಸಿಕೊಡಬೇಕಲ್ಲ. ಕೆನಡಾ 2011ರ ಕೊನೆಯಲ್ಲಿ ತಂದೆತಾಯಂದಿರಿಗೆಂದೇ ‘ಸೂಪರ್ ವೀಸಾ’ ತೆರೆದು ಒಂದು ಸಲಕ್ಕೆ ಎರಡು ವರ್ಷ ಇರಲು ಬಿಟ್ಟಿತು. 2022ರಲ್ಲಿ ಅದನ್ನು ಐದು ವರ್ಷಕ್ಕೆ ಏರಿಸಿತು. ಅಷ್ಟು ದೀರ್ಘಕಾಲ ಇರಬಹುದಾದ ಕಡೆ ಪಾಳಿಯ ಅಗತ್ಯವೇ ಇಲ್ಲ. ಪಾಳಿ ಹುಟ್ಟಿದ್ದು ಸಂಪ್ರದಾಯದಿಂದಲ್ಲ, ವೀಸಾದಿಂದ ಎನ್ನುವುದಕ್ಕೆ ಇಷ್ಟು ಸಾಕು.

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 2000ದಲ್ಲಿ ‘ಜಾಗತಿಕ ಆರೈಕೆ ಸರಪಳಿ’ ಎಂಬ ಪರಿಕಲ್ಪನೆ ಮುಂದಿಟ್ಟರು: ಬಡ ದೇಶದ ಹೆಂಗಸು ತನ್ನ ಮಕ್ಕಳನ್ನು ಬೇರೆಯವರಿಗೆ ಒಪ್ಪಿಸಿ ಶ್ರೀಮಂತ ದೇಶದ ಮಗುವನ್ನು ಸಂಬಳಕ್ಕೆ ಸಾಕುತ್ತಾಳೆ. ನಮ್ಮ ಅಜ್ಜಿ ಈ ಚಿತ್ರಕ್ಕೆ ಪೂರ್ತಿ ಹೊಂದುವುದಿಲ್ಲ. ಆಕೆಗೆ ಸಂಬಳವಿಲ್ಲ, ಆರೈಕೆ ಸ್ವಂತ ಮೊಮ್ಮಗುವಿನದು, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಸರಪಳಿಯ ಹಿಂದಿನ ಕೊಂಡಿಗಳನ್ನು ಎಣಿಸಿದರೆ ಬೇರೆಯೇ ನೋಟ. ಅರವತ್ತು ದಾಟಿದ ಆಕೆಗೆ ಎಂಬತ್ತೈದರ ಅತ್ತೆಯೊಬ್ಬರು ಇಲ್ಲಿರಬಹುದು. ಅವರನ್ನು ಮೈದುನನ ಮನೆಗೆ ಬಿಡಬೇಕು, ಇಲ್ಲವೇ ದಿನವಿಡೀ ಇರುವ ಹೆಂಗಸೊಬ್ಬಳನ್ನು ಗೊತ್ತುಮಾಡಬೇಕು. ಆ ಹೆಂಗಸಿನ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಈ ಬೀದಿಯಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ 1987ರಲ್ಲಿ ಹೆಸರಿಟ್ಟ ‘ನಂಟಿನ ದುಡಿಮೆ’ ಹೆಂಗಸರ ಪಾಲಿಗೇ ಬರುತ್ತದೆಂಬ ಮಾತು ಇಲ್ಲಿಯೂ ನಿಜ. ಅಜ್ಜಿ ಹಾರಿದ ಮೇಲೆ ತಾತನ ಪಾಲಿಗೆ ಬರುವುದು ಕಾವೇರಿ ನೀರಿನ ಬಿಲ್ಲು, ಬಾಡಿಗೆದಾರರ ಮೋಟಾರು, ಮಗ ಕಳಿಸಿದ ಅಧಿಕಾರಪತ್ರಕ್ಕೆ (ಜಿಪಿಎ) ಸ್ಟಾಂಪು ಹಾಕಿಸುವ ಓಡಾಟ.

ದಿನಚರಿಯ ಇನ್ನೊಂದು ತೊಡಕು ಪಂಚಾಂಗದ್ದು. ಸಾಮಾನ್ಯ ಹಬ್ಬಗಳು ಸೂರ್ಯೋದಯದ ತಿಥಿಯನ್ನು ಹಿಡಿಯುತ್ತವೆ. ಅದೇ ತಾರೀಖಿನ ಸೂರ್ಯೋದಯ ಕ್ಯಾಲಿಫೋರ್ನಿಯಾದಲ್ಲಿ ಬೆಂಗಳೂರಿಗಿಂತ ಸುಮಾರು ಹದಿಮೂರು ಗಂಟೆ ತಡ. ಅಷ್ಟರಲ್ಲಿ ತಿಥಿ ಮುಗಿದುಹೋಗಿ, ಅಲ್ಲಿಯ ಹಬ್ಬ ಒಂದು ತಾರೀಖು ಹಿಂದಕ್ಕೆ ಸರಿಯಬಹುದು. ಅಮ್ಮ ಇಲ್ಲಿ ಹೋಳಿಗೆಗೆ ಬೇಳೆ ಬೇಯಿಸುವ ಹೊತ್ತಿಗೆ ಮಗಳ ಮನೆಯ ಹಬ್ಬ ಮುಗಿದಿರುತ್ತದೆ. ಕನ್ನಡ ಕೂಟಗಳು ಇದನ್ನೆಲ್ಲ ಬದಿಗಿಟ್ಟು ವಾರಾಂತ್ಯವನ್ನೇ ತಿಥಿ ಮಾಡಿಕೊಂಡಿವೆ. ಹಬ್ಬಕ್ಕೆ ಅದು ನಡೆಯುತ್ತದೆ. ಅಪ್ಪನ ವೈದಿಕಕ್ಕೆ ಶನಿವಾರದವರೆಗೆ ಕಾಯಬಹುದೇ ಎಂದು ಮಗ ಕೇಳಿದಾಗ ಇಲ್ಲಿಯ ಪುರೋಹಿತರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಈ ಏರ್ಪಾಡು ಎಷ್ಟು ತೆಳ್ಳಗಿದೆಯೆಂಬುದು 2020ರಲ್ಲಿ ಕಂಡಿತು. ಆ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ನಿಂತ ಭಾರತದ ನಿಯಮಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಪೂರ್ತಿ ಮರಳಿದ್ದು 2022ರ ಮಾರ್ಚ್ 27ಕ್ಕೆ. ಪಾಳಿ ಮುಗಿಸಿದ ಅಜ್ಜಿಯರು ಅಲ್ಲೇ ಉಳಿದು ವಾಸ್ತವ್ಯ ವಿಸ್ತರಣೆಗೆ ಅರ್ಜಿ ಹಾಕಿದರು. ಹೊರಡಬೇಕಿದ್ದವರು ಪ್ಯಾಕು ಮಾಡಿದ ಲೇಹ್ಯವನ್ನು ಬಿಚ್ಚಿ ಬೀದಿಯ ಬಾಣಂತಿಯರಿಗೆ ಹಂಚಿದರು. ಕೆಲವು ಮಕ್ಕಳು ಹೆತ್ತವರ ಚಿತೆಯನ್ನು ಫೋನಿನ ಪರದೆಯಲ್ಲಿ ನೋಡಿದರು.

ತಾತನೂ ಹೊರಟಾಗ ಮನೆಗೆ ಬೀಗ ಬೀಳುತ್ತದೆ. ಬೀಗರ ಪಾಳಿಗೆ ಹೋದವರ ಮನೆಗೆ ಬೀಗ ಎಂದು ನಗುವವರೂ ಇದ್ದಾರೆ. ಬೀಗದ ಕೈ ಎದುರು ಮನೆಯವರ ಬಳಿ ಇರುತ್ತದೆ. ಅವರು ಬೆಳಿಗ್ಗೆ ಗೇಟು ತೆರೆದು ತುಳಸಿಗೆ ಒಂದು ಚೊಂಬು ನೀರು ಹಾಕಿ, ಸಂಜೆ ಮುಂದಿನ ದೀಪ ಹಚ್ಚಿ ಬರುತ್ತಾರೆ. ಅವರ ಮಗಳಿಗೂ ಈಗ ಏಳು ತಿಂಗಳು.