ಕ್ಯಾಸನೂರಿನ ಮಂಗಗಳೂ ಪುಣೆಯ ಪರೀಕ್ಷಾಲಯವೂ

ವಯನಾಡಿನ ಕಾಡಂಚಿನಲ್ಲಿ ನೆಲೆಸಿರುವ ನಮಗೆ ಮಂಗನ ಕಾಯಿಲೆಯೆಂಬ ಹೆಸರು ಅಪರಿಚಿತವಲ್ಲ. ಆ ಹೆಸರು ಹುಟ್ಟಿದುದು ಮಲೆನಾಡಿನಲ್ಲಿ. ಕಾಯಿಲೆಯ ಗುಟ್ಟು ಬಯಲಾದುದು ಪುಣೆಯ ಪರೀಕ್ಷಾಲಯವೊಂದರಲ್ಲಿ.

1957ನೆಯ ಇಸವಿಯ ಆದಿಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋಡಗಗಳೂ ಸತ್ತು ಬೀಳತೊಡಗಿದುವು. ಸೌದೆ ಸೊಪ್ಪಿಗೆಂದು ಕಾಡಿಗೆ ಹೋಗಿಬಂದ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಕೆಲವರಿಗೆ ರಕ್ತಸ್ರಾವವೂ ಆಯಿತು. ಮೊದಮೊದಲು ಇದನ್ನು ವಿಷಮಶೀತಜ್ವರವೆಂದೇ ಬಗೆದಿದ್ದರು. ಆದರೆ ಮಂಗಗಳ ಸಾವಿನ ಸುದ್ದಿ ಕೇಳಿದ ವಿಜ್ಞಾನಿಗಳ ಮನಸ್ಸಿನಲ್ಲಿ ಬೇರೊಂದು ಭೀತಿ ಮೂಡಿತು. ಆಫ್ರಿಕ, ದಕ್ಷಿಣ ಅಮೆರಿಕಗಳನ್ನು ಕಾಡುವ ಹಳದಿ ಜ್ವರವು ಭಾರತವನ್ನು ಹೊಕ್ಕಿತೆ? ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಧಾರಾಳವಾಗಿ ಉಂಟು. ಜನರ ಮೈಯಲ್ಲಿ ಅದನ್ನು ತಡೆಯುವ ಶಕ್ತಿಯಿಲ್ಲ. ಊಹೆ ನಿಜವಾಗಿದ್ದರೆ ಆಗುತ್ತಿದ್ದ ಅನಾಹುತವನ್ನು ನೆನೆಯಲೂ ಮೈ ನಡುಗುತ್ತದೆ.

ಉತ್ತರ ಹೇಳಬೇಕಾದುದು 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರವು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶಗಳನ್ನೂ ಸಂಗ್ರಹಿಸಿದರು. ಅವನ್ನು ಇಲಿಯ ಎಳೆಮರಿಗಳಿಗೆ ಚುಚ್ಚಿ, ಮರಿಗಳು ಕಾಯಿಲೆ ಬೀಳುವುದನ್ನು ಕಾದು, ಅವುಗಳಿಂದ ವೈರಸ್ಸನ್ನು ಪಡೆದು, ಮೊದಲೇ ಗೊತ್ತಿದ್ದ ವೈರಸ್ಸುಗಳೊಡನೆ ಹೋಲಿಸಿ ನೋಡುವುದು ಅಂದಿನ ಕ್ರಮ. ದಿನಗಟ್ಟಲೆ ತಾಳ್ಮೆ ಬೇಡುವ ಕೆಲಸವದು. ಅಪಾಯದ ಕೆಲಸವೂ ಹೌದು. ಪರೀಕ್ಷಾಲಯದಲ್ಲಿ ದುಡಿದ ಅನೇಕರಿಗೂ ಅದೇ ಜ್ವರ ತಗುಲಿತು. ಇಂಥವರ ಹೆಸರುಗಳನ್ನು ನಾವು ಎಂದೂ ಕೇಳುವುದಿಲ್ಲ. ಕಡೆಗೆ ತಿಳಿದುಬಂದುದೇನೆಂದರೆ, ಅದು ಹಳದಿ ಜ್ವರವಲ್ಲ. ದೂರದ ರಷ್ಯದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ಬಂಧುವಾದ, ಅದುವರೆಗೆ ಯಾರೂ ಗುರುತಿಸಿರದ ವೈರಸ್ಸು. ಸೊಳ್ಳೆಯನ್ನು ಬಿಟ್ಟು ಕಾಡಿನ ಉಣ್ಣೆಯ ಕಡೆಗೆ ಎಲ್ಲರ ದೃಷ್ಟಿ ತಿರುಗಿತು.

ಬಂಧುವೆಂದ ಮೇಲೆ, ರಷ್ಯದ ರೋಗಕ್ಕೆ ಸಿದ್ಧಪಡಿಸಿದ್ದ ಲಸಿಕೆಯನ್ನೇ ಮಲೆನಾಡಿನಲ್ಲಿಯೂ ಹಾಕಿ ನೋಡಿದರು. ಅದು ಕಾಯಲಿಲ್ಲ. ಮುಂದೆ ಇದೇ ವೈರಸ್ಸಿನಿಂದ ತಯಾರಿಸಿದ ಲಸಿಕೆಯು 1990ರಿಂದ ಬಳಕೆಗೆ ಬಂದಿತಾದರೂ, ಅದರ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ನಿಂತುಹೋಯಿತು.

ರೋಗವನ್ನು ಗುರುತಿಸುವ ವಿದ್ಯೆ ಮಾತ್ರ ಬೆಳೆಯಿತು. ಪುಣೆಯ ಅದೇ ಕೇಂದ್ರವು ರಾಷ್ಟ್ರೀಯ ವೈರಾಣು ಸಂಸ್ಥೆಯೆಂಬ ಹೆಸರು ತಳೆದು, ವೈರಸ್ಸಿನ ಅನುವಂಶಿಕ ದ್ರವ್ಯವನ್ನೇ ಹಿಡಿದುಕೊಡುವ ಪರೀಕ್ಷೆಯನ್ನು 2012ರಲ್ಲಿ ಪ್ರಕಟಿಸಿತು. ಇಲಿಮರಿಗಳನ್ನು ಕಾಯಬೇಕಿಲ್ಲ, ಗಂಟೆಗಳಲ್ಲಿ ಉತ್ತರ. ಆ ವರ್ಷದ ಕೊನೆಗೇ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಕೆಲಸಗಾರರು ಜ್ವರಪೀಡಿತರಾದರು. ಬಂಡೀಪುರದ ಕಾಡಿಗೂ ನಮ್ಮ ಕಾಡಿಗೂ ನಡುವೆ ಬೇಲಿಯಿಲ್ಲ. 2015ರಲ್ಲಿ ವಯನಾಡಿನ ನೂರರಷ್ಟು ಮಂದಿಗೆ ಅದು ತಗುಲಿತು. ಕಾಡನ್ನೇ ನಂಬಿ ಬದುಕುವ ಗಿರಿಜನರಿಗೇ ಹೆಚ್ಚಾಗಿ.